ಮಧ್ಯೆ ಏನೂ ಇಲ್ಲಪ್ಪ

ಕುಡಿಯದವರ ಮನೆಯಲ್ಲಿ ಹುಟ್ಟಿದ ನಾನು ಬಿಯರ್ ಕುಡಿಯಲು ಕಲಿತದ್ದು ಬೆಂಗಳೂರಿನಲ್ಲಿ, ಅದನ್ನು ಮಾಡಲು ಕಲಿತದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಎರಡನೆಯದಕ್ಕೆ ಊರೇ ಕಾರಣ ಎಂದು ಹೇಳಿಕೊಂಡು ತಿರುಗುತ್ತೇನೆ. ನಾವಿರುವುದು ಮಿಲ್ವಾಕಿಯ ಹೊರವಲಯ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದಿಳಿದ ಜರ್ಮನರು ಪಾಬ್ಸ್ಟ್, ಶ್ಲಿಟ್ಜ್, ಮಿಲ್ಲರ್ ಎಂದೆಲ್ಲ ಬಿಯರ್ ಕಾರ್ಖಾನೆಗಳನ್ನು ಬೆಳೆಸಿದರು. ಊರಿನ ಬೇಸ್‌ಬಾಲ್ ತಂಡದ ಹೆಸರೇ ಬ್ರೂವರ್ಸ್. ಮನೆಯಲ್ಲಿ ಮಾಡಿಕೊಳ್ಳುವುದಕ್ಕೆ ಸರ್ಕಾರದ ಅಡ್ಡಿಯೂ ಇಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆ ಕಟ್ಟದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅಷ್ಟೆ. ನಮ್ಮ ಅರಸೀಕೆರೆಯಲ್ಲಿ ಇದೇ ಕೆಲಸ ಮಾಡಿದ್ದರೆ ಅಬಕಾರಿಯವರ ಜೀಪು ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಬಿಯರ್ ಮಾಡುವುದು ಅಂಥ ಕಷ್ಟವೇನಲ್ಲ. ಮಗುವಿಗೆ ರಾಗಿ ಸರಿ ಮಾಡಲು ಅಜ್ಜಿ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸುತ್ತಿದ್ದಳಲ್ಲ, ಮಾಲ್ಟ್ ಎಂದರೆ ಅದೇ. ಇಲ್ಲಿ ರಾಗಿಯ ಬದಲು ಬಾರ್ಲಿ. ನಾನು ಬಾರ್ಲಿಯ ಜೊತೆಗೆ ಒಂದಿಷ್ಟು ಮೊಳಕೆ ರಾಗಿಯನ್ನೂ ಹಾಕುತ್ತೇನೆ. ಕಷ್ಟ ಇರುವುದು ಆಮೇಲೆ, ಇಟ್ಟುಕೊಳ್ಳುವುದರಲ್ಲಿ. ಸೀಸೆಗಳನ್ನು ತೊಳೆದೂ ತೊಳೆದೂ ಬೇಸತ್ತವನು ಒಂದು ದಿನ ಕೆಗ್ ಕೊಳ್ಳುತ್ತಾನೆ. ಹಿಂದೆ ತಂಪು ಪಾನೀಯದ ಸಿರಪ್ ತುಂಬಿಸುತ್ತಿದ್ದ, 19 ಲೀಟರ್ ಹಿಡಿಯುವ ಸ್ಟೀಲ್ ಕ್ಯಾನುಗಳು ಅವು. ಕೆಗ್ ಬಂದ ಮೇಲೆ ಅದನ್ನು ತಂಪಾಗಿಡಲು ಪೆಟ್ಟಿಗೆ ಬೇಕು. ಮೇಲಿನಿಂದ ಮುಚ್ಚಳ ಎತ್ತುವ, ಐಸ್‌ಕ್ರೀಂ ಅಂಗಡಿಗಳಲ್ಲಿರುವಂಥ ಫ್ರೀಜರ್ ತಂದು, ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಮರದ ಚೌಕಟ್ಟು ಕೂರಿಸಿ, ಆ ಮರಕ್ಕೆ ನಲ್ಲಿ ಜೋಡಿಸಿದರೆ ಕೀಜರ್ ಸಿದ್ಧ. ನೇರವಾಗಿ ಫ್ರೀಜರಿಗೇ ತೂತು ಕೊರೆಯುವಂತಿಲ್ಲ. ಅದರ ಗೋಡೆಯೊಳಗೆಲ್ಲ ಅನಿಲದ ಕೊಳವೆಗಳು ಹರಿದಾಡಿರುತ್ತವೆ.

ಇನ್ನೊಂದು ಸಾಮಾನು ಉಂಟು. ಫ್ರೀಜರನ್ನು ಅದರ ಪಾಡಿಗೆ ಬಿಟ್ಟರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗಿ ಬಿಯರ್ ಕಲ್ಲಾಗುತ್ತದೆ. ನಮಗೆ ಬೇಕಾದದ್ದು 4 ಡಿಗ್ರಿ. ಆದ್ದರಿಂದ ಗೋಡೆಯ ಸಾಕೆಟ್ಟಿಗೂ ಫ್ರೀಜರಿಗೂ ನಡುವೆ ಕಂಟ್ರೋಲರ್ ಎಂಬ ಒಂದು ಡಬ್ಬಿ. ಅದರ ತಂತಿಯ ತುದಿಯ ಸೆನ್ಸರ್ ಒಳಗಿನ ಉಷ್ಣಾಂಶ ನೋಡಿಕೊಂಡು ಕರೆಂಟು ಬಿಡುತ್ತದೆ, ನಿಲ್ಲಿಸುತ್ತದೆ. ಆ ಡಬ್ಬಿಗೆ ಎರಡು ಸಾಕೆಟ್: ಕೂಲಿಂಗ್ ಒಂದು, ಹೀಟಿಂಗ್ ಒಂದು. ತಂಪಿಗಾಗಿ ಇರುವ ಪೆಟ್ಟಿಗೆಗೆ ಹೀಟಿಂಗ್ ಯಾಕೆ ಎಂದರೆ ವಿಸ್ಕಾನ್ಸಿನ್‌ನ ಚಳಿಗಾಲ ನೋಡಬೇಕು. ಗ್ಯಾರೇಜಿನಲ್ಲಿ ನೀರು ಹೆಪ್ಪುಗಟ್ಟುತ್ತದೆ. ಫ್ರೀಜರಿನೊಳಗಿನ ಬಿಯರನ್ನು ಆಗ ಬೆಚ್ಚಗಿಡಬೇಕು. ಅದಕ್ಕೆ ಇಲ್ಲಿನವರು ಕಂಡುಕೊಂಡ ಉಪಾಯ, ಖಾಲಿ ಬಣ್ಣದ ಡಬ್ಬಿಯೊಳಗೆ ಒಂದು ಬಲ್ಬ್ ಇಟ್ಟು, ಬೆಳಕು ಹೊರಬರದಂತೆ ಮುಚ್ಚಿ ಕೆಗ್ಗುಗಳ ಪಕ್ಕ ಇಡುವುದು. ನನ್ನದೂ ಇತ್ತು. ಬೇಸಿಗೆ ಬಂದರೂ ಅದನ್ನು ತೆಗೆದಿರಲಿಲ್ಲ. ಇದ್ದರೆ ಏನಂತೆ, ಅದು ಹೊತ್ತಿಕೊಳ್ಳುವುದು ಚಳಿಯಾದಾಗ ಮಾತ್ರ ತಾನೆ!

ಜೂನ್ ಕೊನೆಯಲ್ಲಿ ಕನ್ನಡ ಕೂಟದ ಗೆಳೆಯರನ್ನು ಶನಿವಾರಕ್ಕೆ ಮನೆಗೆ ಕರೆದಿದ್ದೆ. ರಾಗಿ ಬಿಯರ್ ಬಗ್ಗೆ ಆರು ತಿಂಗಳಿಂದ ಕೊಚ್ಚಿಕೊಂಡಿದ್ದೆ, ಕುಡಿಸದೆ ವಿಧಿಯಿರಲಿಲ್ಲ. ಅದಕ್ಕೆ ಹಿಂದಿನ ಭಾನುವಾರ ಫ್ರೀಜರಿನ ಪ್ಲಗ್ಗು ಕಿತ್ತು, ಒಳಗೆಲ್ಲ ಒರೆಸಿ, ಮುಂಭಾಗಕ್ಕೆ ಚೆಂದದ ಮರದ ಹಲಗೆ ಹೊಡೆದೆ. ಹಲಗೆಯ ಹಿಂದೆ ಫ್ರೀಜರಿನ ಪುಟ್ಟ ಹಸಿರು ದೀಪ ಮುಚ್ಚಿಹೋಯಿತು. ಸೌಂದರ್ಯಕ್ಕೆ ಅದೇನೂ ದೊಡ್ಡ ಬೆಲೆ ಅನ್ನಿಸಲಿಲ್ಲ.

ಸೋಮವಾರ ಸಂಜೆ ನೋಡಿದರೆ ಕಂಟ್ರೋಲರ್ 15 ಡಿಗ್ರಿ ತೋರಿಸುತ್ತಿದೆ. ಕಿವಿಗೊಟ್ಟರೆ ಕಂಪ್ರೆಸರಿನ ಸದ್ದಿಲ್ಲ. ನನಗೆ ಗಾಬರಿಯಾಗಬೇಕಿತ್ತು, ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಕೈಗೆ ಕೆಲಸ ಸಿಕ್ಕಿತ್ತು, ಮಲ್ಟಿಮೀಟರ್ ಇತ್ತು, ಹೆಂಡತಿಯ ಮುಂದೆ ಬುದ್ಧಿವಂತಿಕೆ ತೋರಿಸುವ ಅವಕಾಶವಿತ್ತು. ಗೋಡೆಯ ಸಾಕೆಟ್ಟಿನಲ್ಲಿ ಅಳೆದೆ: 120 ವೋಲ್ಟ್, ಸರಿಯಾಗಿದೆ. ಕಂಟ್ರೋಲರಿನ ಅಂಕಿಗಳು ಉರಿಯುತ್ತಿವೆ. ಅಲ್ಲಿಗೆ ಕರೆಂಟಿನ ವಿಷಯ ಮುಗಿಯಿತು, ತೊಂದರೆ ಕಂಪ್ರೆಸರಿನದೇ ಎಂದು ತೀರ್ಮಾನಿಸಿದೆ.

ಕಂಪ್ರೆಸರಿನ ಪಕ್ಕದಲ್ಲಿ ಸ್ಟಾರ್ಟ್ ರಿಲೇ ಎಂಬ ಪುಟ್ಟ ಬಿಡಿಭಾಗ ಇರುತ್ತದೆ. ಮೋಟರು ಎದ್ದು ಓಡಲು ಮೊದಲ ಕ್ಷಣಕ್ಕೆ ಒಂದು ಹೆಚ್ಚುವರಿ ಸುರುಳಿಯ ನೆರವು ಬೇಕು. ಒಳಗಿನ ಪಿಂಗಾಣಿ ಬಿಲ್ಲೆ ಬಿಸಿಯಾದೊಡನೆ ಆ ದಾರಿಯನ್ನು ತಾನೇ ಮುಚ್ಚುತ್ತದೆ. ಬಿಲ್ಲೆ ಒಡೆದಿದ್ದರೆ ರಿಲೇ ಅಲ್ಲಾಡಿಸಿದಾಗ ಗಲಗಲ ಸದ್ದು. ಅಲ್ಲಾಡಿಸಿದೆ, ಸದ್ದಿಲ್ಲ. ಕಂಪ್ರೆಸರಿನ ಮೂರು ಪಿನ್ನುಗಳ ನಡುವೆ ಓಮ್ ಅಳೆದೆ. ಎರಡು ಚಿಕ್ಕ ಅಂಕಿ ಕೂಡಿದರೆ ದೊಡ್ಡ ಅಂಕಿ ಬರಬೇಕು, ಬಂತು. ರಿಲೇ ಚೆನ್ನಾಗಿದೆ, ಕಂಪ್ರೆಸರ್ ಚೆನ್ನಾಗಿದೆ. ಬುದ್ಧಿಯಿದ್ದವನು ಇಲ್ಲಿ ನಿಂತು ಯೋಚಿಸುತ್ತಿದ್ದ. ನಾನು ಹೊಸ ರಿಲೇಗೆ ಆರ್ಡರ್ ಮಾಡಿದೆ. ಬಂದದ್ದನ್ನು ಹಾಕಿ ಪ್ಲಗ್ಗನ್ನು ಮತ್ತೆ ಅದೇ ಡಬ್ಬಿಗೆ ಸಿಕ್ಕಿಸಿದೆ. ಸದ್ದಿಲ್ಲ.

ಅಷ್ಟು ಹೊತ್ತಿಗೆ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಗ್ಯಾರೇಜಿನಲ್ಲಿ 26 ಡಿಗ್ರಿ, ಫ್ರೀಜರಿನೊಳಗೆ 31. ಕೆಟ್ಟುನಿಂತ ಫ್ರೀಜರ್ ಹೊರಗಿನಷ್ಟು ಬೆಚ್ಚಗಾಗಬಹುದು, ಅದಕ್ಕಿಂತ ಬಿಸಿ ಆಗುವುದು ಹೇಗೆ? ಇದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಬೆಚ್ಚಗಾದ ಕೂಡಲೇ ಬಿಯರಿನಲ್ಲಿ ಉಳಿದ ಯೀಸ್ಟ್ ಎಚ್ಚೆತ್ತು ಮತ್ತೆ ಹುದುಗುತ್ತಿದೆ, ಹುದುಗುವಾಗ ಶಾಖ ಹುಟ್ಟುತ್ತದೆ ಎಂದು ಹೆಂಡತಿಗೆ ವಿವರಿಸಿದೆ. ಹುದುಗುವಾಗ ಶಾಖ ಹುಟ್ಟುವುದು ನಿಜ. ಅವಳು, "ರೀ, ಹಾಗಾದ್ರೆ ಇಡ್ಲಿ ಹಿಟ್ಟನ್ನೂ ಇದರಲ್ಲೇ ಇಡ್ತೀನಿ" ಎಂದು ಒಳಗೆ ಹೋದಳು.

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಹೋಲ್ಡರಿಗೆ ಎರಡು ತುಂಡು ವೈರು ಕಟ್ಟಿದ ಬಲ್ಬೊಂದೇ, ಅವರು ಟೆಸ್ಟ್ ಲ್ಯಾಂಪ್ ಅನ್ನುವುದು, ಅವರ ಜೀವಮಾನದ ಉಪಕರಣ. ಫ್ರೀಜರ್ ಕೆಟ್ಟಿದೆ ಎಂದೆ.

"ಅದ್ರಲ್ಲಿ ಏನಿಟ್ಟಿದ್ರಿ?"

"ಬಟಾಣಿ, ತರಕಾರಿ..."

"ಕರೆಂಟ್ ಬರ್ತೈತಾ?"

"ಬರ್ತಾ ಇದೆ, ಗೋಡೇಲಿ ಅಳೆದೆ."

"ಗೋಡೇಲಿ ಬಂದ್ರೆ ಆಯ್ತೇನ್ಲಾ? ಮಿಷನ್ ಬಾಯಿಗೆ ಬರ್ಬೇಕು. ಮಧ್ಯೆ ಏನಾರ ಐತಾ, ಸ್ಟೆಬಿಲೈಜರು, ಟೈಮರು?"

"ಮಧ್ಯೆ ಏನೂ ಇಲ್ಲಪ್ಪ" ಎಂದೆ.

ಇದೆ ಎಂದರೆ ಏನದು ಎಂದು ಕೇಳುತ್ತಿದ್ದರು. ಫ್ರೀಜರಿಗೆ 4 ಡಿಗ್ರಿ ಯಾಕೋ, ಬಟಾಣಿಗೆ ಅಷ್ಟೇ ಸಾಕೇನೋ ಎಂದು ಮುಂದುವರಿಯುತ್ತಿತ್ತು. ಬಟಾಣಿಯಿಂದ ಬಿಯರಿಗೆ ಬರಲು ಅಪ್ಪನಿಗೆ ಎರಡು ಪ್ರಶ್ನೆ ಹೆಚ್ಚು. ಅವರು ಪಾಪ, ನಾನು ಹೇಳಿದ್ದನ್ನು ನಂಬಿ ತಮ್ಮ ಕಾಲದ ಕಥೆಯೊಂದನ್ನು ಹೇಳಿದರು. ಬೋರ್‌ವೆಲ್ಲಿನ ಮೋಟರು ಸುಟ್ಟಿದೆ ಎಂದು ಊರಿನವರನ್ನೆಲ್ಲ ಸೇರಿಸಿ ಪೈಪು ಸಮೇತ ಮೇಲೆತ್ತಿಸಿ, ಗಾಡಿಯಲ್ಲಿ ಹೇರಿಕೊಂಡು ರಿವೈಂಡಿಂಗ್ ಮಾಡಿಸಲು ತಿಪಟೂರಿಗೆ ಹೊರಟ ರೈತನನ್ನು ಅವರು ದಾರಿಯಲ್ಲಿ ತಡೆದರಂತೆ. ಹೋಗಿದ್ದು ಸ್ಟಾರ್ಟರಿನ ಹತ್ತಿರದ ಫ್ಯೂಸು. ಕೇಳಿ ನಾನು ಜೋರಾಗಿ ನಕ್ಕೆ.

ಗುರುವಾರ ಹೊಸ ಫ್ರೀಜರ್ ತಂದೆ. ಮೆಕ್ಯಾನಿಕ್ ಮನೆಗೆ ಬರುವ ಖರ್ಚಿನಲ್ಲಿ ಹೊಸದೇ ಬರುತ್ತದೆ ಎಂಬ ಲೆಕ್ಕ. ಹಳೆಯದನ್ನು ಏನು ಮಾಡುವುದು? ಪಕ್ಕದ ಮನೆಯ ಹಿರಿಯರು ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗುವವರು. ಕೆಟ್ಟಿದೆ, ಬೇಕಿದ್ದರೆ ಗುಜರಿಗಾದರೂ ಹಾಕಿ ಎಂದೆ. ತಳ್ಳುಗಾಡಿ ತಂದು ಒಯ್ದರು. ಮರದ ಚೌಕಟ್ಟು, ಕಂಟ್ರೋಲರ್, ಸೆನ್ಸರ್, ಬಣ್ಣದ ಡಬ್ಬಿ ಎಲ್ಲವನ್ನೂ ಇದ್ದ ಹಾಗೇ ಎತ್ತಿ ಹೊಸದಕ್ಕೆ ಕೂರಿಸಿ ಮಲಗಿದೆ.

ಬೆಳಿಗ್ಗೆ ಹೊಸ ಫ್ರೀಜರಿನೊಳಗೆ 30 ಡಿಗ್ರಿ.

ಅಂಗಡಿಗೆ ಫೋನ್ ಮಾಡಿ ನಾನಾಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಸತ್ತ ಮಾಲು ಮಾರಿದ್ದೀರಿ ಎಂಬುದು ಅದರಲ್ಲಿ ಸಭ್ಯವಾದ ಭಾಗ. ಕಂಪ್ರೆಸರ್, ರಿಲೇ, ಸುರುಳಿ ಎಂದೆಲ್ಲ ಪಾಠ ಮಾಡಿದೆ. ಆ ಕಡೆಯ ಹುಡುಗಿ ಮುಗಿಯುವವರೆಗೂ ಕೇಳಿ, "ಸರ್, ಪ್ಲಗ್ಗನ್ನು ನೇರವಾಗಿ ಗೋಡೆಗೇ ಹಾಕಿದ್ದೀರಾ?" ಎಂದಳು. ಅವಳ ಮೂರ್ಖತನಕ್ಕೆ ಮರುಗುತ್ತಲೇ, ಫೋನ್ ಕಿವಿಗೆ ಹಿಡಿದುಕೊಂಡೇ ಪ್ಲಗ್ಗು ಕಿತ್ತು ಗೋಡೆಗೆ ಚುಚ್ಚಿದೆ. ಗುರ್ ಎಂದು ಕಂಪ್ರೆಸರ್ ಎದ್ದಿತು. ಅವಳಿಗೂ ಕೇಳಿಸಿರಬೇಕು. "ಇನ್ನೇನಾದರೂ ಸಹಾಯ ಬೇಕೇ ಸರ್?" ಎಂದಳು. ಬೇಡವೆಂದೆ.

ಆಮೇಲೆ ಕಂಟ್ರೋಲರನ್ನು ಮೊದಲ ಸಲ ಕಣ್ಣುಬಿಟ್ಟು ನೋಡಿದೆ. ಫ್ರೀಜರಿನ ಪ್ಲಗ್ಗು ಇಷ್ಟು ಹೊತ್ತು ಹೀಟಿಂಗ್ ಸಾಕೆಟ್ಟಿನಲ್ಲಿತ್ತು. ಕೂಲಿಂಗ್ ಸಾಕೆಟ್ಟಿನಿಂದ ಸಣ್ಣ ಕಂದು ವೈರೊಂದು ಚೌಕಟ್ಟಿನ ತೂತಿನ ಮೂಲಕ ಒಳಗೆ ಹೋಗಿತ್ತು. ಬಣ್ಣದ ಡಬ್ಬಿ ಮುಟ್ಟಿದರೆ ಕೈ ಸುಟ್ಟಿತು. ಮುಚ್ಚಳ ತೆಗೆದೆ. ಬಲ್ಬು ಝಗಝಗ ಉರಿಯುತ್ತಿತ್ತು. ಒಳಗೆ ಬಿಸಿಯಾದಷ್ಟೂ ಕಂಟ್ರೋಲರ್ ತಂಪು ಮಾಡು ಎಂದು ಕೂಲಿಂಗ್ ಸಾಕೆಟ್ಟಿಗೆ ಕರೆಂಟು ಬಿಡುತ್ತಿತ್ತು, ಬಲ್ಬು ಇನ್ನಷ್ಟು ಕಾಯಿಸುತ್ತಿತ್ತು. ಭಾನುವಾರ ಹಲಗೆ ಹೊಡೆಯುವ ಸಡಗರದಲ್ಲಿ ಎರಡು ಪ್ಲಗ್ಗು ಅದಲು ಬದಲು ಮಾಡಿದ್ದೆ. ಯಾವುದೂ ಕೆಟ್ಟಿರಲಿಲ್ಲ. ಕಂಟ್ರೋಲರಂತೂ ಹೇಳಿದ ಕೆಲಸವನ್ನು ಒಂದು ಕ್ಷಣ ಬಿಡದೆ ಮಾಡಿತ್ತು.

ಶನಿವಾರ ಗೆಳೆಯರು ಬಂದರು. ಅಷ್ಟು ಬಿಯರನ್ನು 30ರಿಂದ 4 ಡಿಗ್ರಿಗೆ ಇಳಿಸುವುದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಬೆಚ್ಚಗಿನ ಬಿಯರ್ ಅನಿಲವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಲ್ಲಿ ತಿರುಗಿಸಿದರೆ ಮುಕ್ಕಾಲು ಲೋಟ ನೊರೆ. "ದರ್ಶಿನಿ ಕಾಫಿ ಇದ್ದಂಗಿದೆ ಕಣಯ್ಯ" ಎಂದ ಒಬ್ಬ. ಎಲ್ಲರೂ ನಕ್ಕರು, ಅಂಗಡಿಯಿಂದ ಕ್ಯಾನುಗಳು ಬಂದವು. ವಾರ ಕಳೆದು ತಣ್ಣಗಾದ ಮೇಲೆ ರುಚಿ ನೋಡಿದರೆ ರಾಗಿ ಬಿಯರಿಗೆ ಅಂಥ ಹಾನಿಯೇನೂ ಆಗಿರಲಿಲ್ಲ. ಆಗ ಕುಡಿಯಲು ಉಳಿದವನು ನಾನೊಬ್ಬನೇ.

ನೊರೆಯ ಮಾತು ಬಿಡಿ, ಒಂದು ಸಂಜೆಯದು. ಈ ಪ್ರಸಂಗ ನೆನೆದಾಗಲೆಲ್ಲ ಕಾಡುವುದು ಬೇರೆಯೇ. ನನಗೆ ಏನೂ ಗೊತ್ತಿಲ್ಲದಿದ್ದರೆ ಸೋಮವಾರವೇ ಪ್ಲಗ್ಗುಗಳನ್ನು ಕಿತ್ತಾಡಿ ನೋಡುತ್ತಿದ್ದೆ. ರಿಲೇ ಗೊತ್ತಿದ್ದರಿಂದ ರಿಲೇ ಬಿಚ್ಚಿದೆ, ಯೀಸ್ಟ್ ಗೊತ್ತಿದ್ದರಿಂದ ಬಲ್ಬಿನ ಶಾಖಕ್ಕೆ ಯೀಸ್ಟಿನ ಹೆಸರು ಕೊಟ್ಟೆ. ಬಲ್ಬು ತಾನಿದ್ದೇನೆ ಎಂದು ಡಿಗ್ರಿ ಲೆಕ್ಕದಲ್ಲಿ ಕೂಗುತ್ತಿದ್ದರೂ ಅದರ ಬಾಯಿ ಮುಚ್ಚಿಸುವಷ್ಟು ವಿದ್ಯೆ ನನಗಿತ್ತು. ಇನ್ನು ಅಪ್ಪ. ಏಳು ಸಮುದ್ರದಾಚೆ ಕೂತು, ಕಣ್ಣಿಗೆ ಕಾಣದ ಯಂತ್ರದ ಬಗ್ಗೆ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದರು. ಡಾಕ್ಟರ ಹತ್ತಿರ ಹೋಗಿ, ಹೊಟ್ಟೆನೋವು ಎಂದು ಹೇಳಿ, ತಿಂದದ್ದನ್ನು ಮಾತ್ರ ಮುಚ್ಚಿಡುವವರನ್ನು ಕಂಡು ನಾನೇ ನಕ್ಕಿದ್ದುಂಟು. ಬಟಾಣಿ ಎಂದ ಬಾಯಿಗೆ ಕಂಟ್ರೋಲರ್ ಎನ್ನುವ ಧೈರ್ಯ ಬರಲಿಲ್ಲ. ನಲವತ್ತು ದಾಟಿದವನು, ಸಾಲದ ಮನೆಯ ಯಜಮಾನ, ಇನ್ನೂ ಅಪ್ಪನಿಗೆ ಹೆದರಿ ಬಟಾಣಿಯ ಹಿಂದೆ ಬಚ್ಚಿಟ್ಟುಕೊಳ್ಳುವವನು.

ತಿಂಗಳಾದ ಮೇಲೆ ಹೇಳಿಬಿಟ್ಟೆ, ಬಿಯರಿನ ಸಮೇತ. ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಅಪ್ಪ ಕೇಳಿದ್ದು ಇಷ್ಟೇ: "ಅಲ್ಲಿ ಅಂಗಡೀಲಿ ಸಿಗಕಿಲ್ವೇನ್ಲಾ, ಇಷ್ಟೆಲ್ಲ ರಾಮಾಯಣ ಯಾಕೆ?" ಆಮೇಲೆ ರಿಲೇಗೆ ಎಷ್ಟು ಕೊಟ್ಟೆ ಎಂದು ವಿಚಾರಿಸಿದರು. ಬೆಲೆ ಕೇಳಿ ಬಹಳ ನೊಂದುಕೊಂಡರು, ಬಿಯರಿಗಿಂತ ಅದಕ್ಕೇ.

ಹಳೆಯ ಫ್ರೀಜರ್ ಪಕ್ಕದ ಮನೆಯಲ್ಲಿ ಚೆನ್ನಾಗಿ ಓಡುತ್ತಿದೆ. ಕೊಟ್ಟದ್ದನ್ನು ವಾಪಸ್ ಕೇಳುವ ಮುಖ ನನಗಿರಲಿಲ್ಲ. ನಾನು ಹಾಕಿದ ಹೊಸ ರಿಲೇಯೂ ಅದರ ಜೊತೆಗೇ ಹೋಯಿತು. ಅಲ್ಲಾಡಿಸಿದರೆ ಸದ್ದು ಬಾರದ, ಯಾವ ದೋಷವೂ ಇಲ್ಲದ ಹಳೆಯ ರಿಲೇ ನನ್ನ ಮೇಜಿನ ಮೇಲಿದೆ. ಯಾರದಾದರೂ ಫ್ರೀಜರಿಗೆ ನಿಜವಾಗಿಯೂ ಬೇಕಿದ್ದರೆ ಹೇಳಿ, ಅಂಚೆ ಖರ್ಚು ನನ್ನದೇ. ಕೇಳುವ ಮೊದಲು ಪ್ಲಗ್ಗನ್ನು ಒಮ್ಮೆ ನೇರವಾಗಿ ಗೋಡೆಗೆ ಹಾಕಿ ನೋಡಿ.