ತೆಂಗಿನ ತೋಟದಲ್ಲಿ ಮೀಟರ್‌ಗೇಜ್

ಹೊಳೆನರಸೀಪುರದಲ್ಲಿ ರೈಲಿಳಿದು ಚೀಲಗಳನ್ನು ಎಣಿಸಿಕೊಳ್ಳುತ್ತಿದ್ದೆ. ಹತ್ತು ವರ್ಷದ ಮಗಳು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಹಳಿಗಳನ್ನೇ ನೋಡುತ್ತಿದ್ದಳು. "ತಾತನ ಹಳಿಗಿಂತ ಇದು ಎಷ್ಟು ಪಟ್ಟು ದೊಡ್ಡದಪ್ಪಾ?" ಎಂದಳು. ಎದುರಿಗಿದ್ದದ್ದು ಬ್ರಾಡ್‌ಗೇಜ್, ಎರಡು ಹಳಿಗಳ ನಡುವೆ 1,676 ಮಿಲಿಮೀಟರ್. ಹರದನಹಳ್ಳಿಯ ತೆಂಗಿನ ತೋಟದಲ್ಲಿ ನನ್ನ ಚಿಕ್ಕಪ್ಪ ಹಾಕಿರುವ ಹಳಿಗಳ ನಡುವೆ 45 ಮಿಲಿಮೀಟರ್. ಆಟೋ ಸಿಗುವಷ್ಟರಲ್ಲಿ ಅವಳೇ ಭಾಗಿಸಿ, ಸುಮಾರು ಮೂವತ್ತೇಳು ಪಟ್ಟು ಎಂದಳು. ಲೆಕ್ಕವೇನೋ ಸರಿ. ಆದರೆ ಚಿಕ್ಕಪ್ಪ ಅದನ್ನು ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾವು ಬೆಂಗಳೂರಿನಿಂದ ಹೊರಟು ಬಂದದ್ದು ಅವರ ಪುಟ್ಟ ರೈಲು ನೋಡುವುದಕ್ಕಲ್ಲ. ಚಿಕ್ಕಪ್ಪನ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಎಡಗಣ್ಣೂ ಮಂಜಾಗುತ್ತಿತ್ತು. ಆಪರೇಷನ್ ಮಾತೆತ್ತಿದರೆ "ಸ್ಟೇಷನ್ ಮುಗೀಲಿ, ಆಮೇಲೆ ನೋಡನ" ಎನ್ನುತ್ತಿದ್ದರು. ಚಿಕ್ಕಮ್ಮ ಫೋನು ಮಾಡಿ, "ನೀನೇ ಬಂದು ಹಾಸನಕ್ಕೆ ಕರ್ಕಂಡು ಹೋಗಪ್ಪಾ, ಆ ಸ್ಟೇಷನ್ ಈ ಜನ್ಮದಲ್ಲಿ ಮುಗಿಯೋ ಹಂಗೆ ಕಾಣಕಿಲ್ಲ" ಎಂದಿದ್ದರು.

ಚಾಮರಾಜನಗರದ ಹತ್ತಿರವೂ ಒಂದು ಹರದನಹಳ್ಳಿ ಇದೆ. ಇದು ಅದಲ್ಲ, ಹೊಳೆನರಸೀಪುರ ತಾಲ್ಲೂಕಿನದು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು 1933ರಲ್ಲಿ ಹುಟ್ಟಿದ ಊರು. ಪ್ರಧಾನಿಯ ಊರೆಂದು ದೊಡ್ಡದಾಗಿ ಕಲ್ಪಿಸಿಕೊಂಡು ಬಂದವರಿಗೆ ಮೊದಲು ಕಾಣುವುದು ತೆಂಗು, ರಾಗಿ ಹೊಲ, ಕೊಟ್ಟಿಗೆ, ಬಾಗಿಲ ಮುಂದಿನ ಜಗುಲಿ. ಈ ಊರಿಗೆ ರೈಲ್ವೆ ಸ್ಟೇಷನ್ ಇಲ್ಲ. ರೈಲು ಹತ್ತಬೇಕೆಂದರೆ ನಾವು ಬಂದ ದಾರಿಯಲ್ಲೇ ಹೊಳೆನರಸೀಪುರಕ್ಕೆ ಹೋಗಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಚಿಕ್ಕಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಆಮೇಲೆ ಕೀಮನ್. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್ ಮತ್ತು ಕೆಂಪು ಬಾವುಟ ಹಿಡಿದು ದಿನವೂ ಹಳಿಯ ಮೇಲೆ ನಡೆದು, ಸಡಿಲವಾದ ಕೀಲು ಬೋಲ್ಟುಗಳನ್ನು ಬಿಗಿಮಾಡುವ ಕೆಲಸ. ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ಈ ದಾರಿ ಮೈಸೂರು ಅರಸರ ಕಾಲದಲ್ಲಿ ಆದದ್ದು. ಆಗ ಅದು ಮೀಟರ್‌ಗೇಜ್. ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. 1990ರ ದಶಕದಲ್ಲಿ ಅದನ್ನು ಬ್ರಾಡ್‌ಗೇಜ್ ಮಾಡಿದಾಗ ಹಳೆಯ ಹಳಿ ಕಿತ್ತ ಕೈಗಳಲ್ಲಿ ಚಿಕ್ಕಪ್ಪನದೂ ಒಂದು. ಇಪ್ಪತ್ತು ವರ್ಷ ಕಾಪಾಡಿದ ಹಳಿಯನ್ನು ತಾವೇ ಕಿತ್ತು ಗಾಡಿಗೆ ತುಂಬಿದ್ದನ್ನು ಅವರು ಹೆಚ್ಚು ಮಾತಿಲ್ಲದೆ ಹೇಳುತ್ತಾರೆ. ದೊಡ್ಡ ರೈಲು ಬಂದದ್ದಕ್ಕೆ ಅವರಿಗೆ ಬೇಸರವಿಲ್ಲ. ನಾವು ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಬರುವುದು 2017ರಲ್ಲಿ ಶುರುವಾದ ದಾರಿಯಲ್ಲೇ ತಾನೆ.

"ಮೂವತ್ತೇಳಲ್ಲ ಕಣವ್ವ," ಎಂದರು ಚಿಕ್ಕಪ್ಪ, ಮಗಳ ಲೆಕ್ಕ ಕೇಳಿ. "ನೀನು ಯಾವ ರೈಲಿಗೆ ಯಾವ ಹಳಿ ಹೋಲಿಸ್ತಾ ಇದೀಯ? ನಮ್ಮದು ಮೀಟರ್‌ಗೇಜು."

ಅವರು ಹೇಳಿದ್ದರಲ್ಲಿ ಅರ್ಥವಿದೆ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಎಂಬ ಆಟಿಕೆ ಕಂಪನಿ ತೋಟದಲ್ಲೇ ಓಡಿಸಬಹುದಾದ ರೈಲನ್ನು ತಂದಿತು. ಹಳಿಯ ಅಗಲ 45 ಮಿಲಿಮೀಟರ್, ಗಾತ್ರ ನಿಜವಾದದ್ದರ ಇಪ್ಪತ್ತೆರಡೂವರೆಯಲ್ಲಿ ಒಂದು. ಅವರು ಮಾದರಿಯಾಗಿ ಇಟ್ಟುಕೊಂಡದ್ದು ಆ ಕಡೆಯ ಬೆಟ್ಟದ ಸೀಮೆಗಳ ಮೀಟರ್‌ಗೇಜ್ ರೈಲುಗಳನ್ನೇ. 45ನ್ನು ಇಪ್ಪತ್ತೆರಡೂವರೆಯಿಂದ ಗುಣಿಸಿ ನೋಡಿ, ಹೆಚ್ಚುಕಡಿಮೆ ಒಂದು ಮೀಟರ್ ಬರುತ್ತದೆ. ಅಂದರೆ ಜರ್ಮನಿಯವರ ಅಳತೆ ನಮ್ಮ ಹಳೆಯ ಮೈಸೂರು ರೈಲಿಗೆ ಹೊಲಿಸಿದ ಅಂಗಿಯಂತೆ ಹೊಂದುತ್ತದೆ. ಬ್ರಾಡ್‌ಗೇಜನ್ನು ಇದೇ ಗಾತ್ರದಲ್ಲಿ ಮಾಡಬೇಕಾದರೆ ಹಳಿಯ ಅಗಲ 74 ಮಿಲಿಮೀಟರ್ ದಾಟುತ್ತದೆ. ಏಳು ವರ್ಷದ ನನ್ನ ಮಗ ವಂದೇ ಭಾರತ್ ಬೇಕೆಂದು ಹಟ ಹಿಡಿದಾಗ ಚಿಕ್ಕಪ್ಪ, "ಅದಕ್ಕೆ ಎಲ್ಲಾ ಕಿತ್ತು ಹಾಕ್ಬೇಕು ಮಗ. ನಾನು ಒಂದ್ಸಲ ಕಿತ್ತಿದೀನಿ, ಸಾಕು" ಎಂದರು.

ತೋಟದ ಆರು ತೆಂಗಿನ ಮರಗಳನ್ನು ಸುತ್ತಿ ಬರುವ ಹಳಿಯ ಉದ್ದ 28 ಮೀಟರ್. ನಿಜದ ಲೆಕ್ಕದಲ್ಲಿ 630 ಮೀಟರ್. ಮೊದಲು ಆರಿಂಚು ತೋಡಿ, ಜಲ್ಲಿ ತುಂಬಿ, ಮೇಲೊಂದು ತೆಳು ಕಾಂಕ್ರೀಟ್ ಪಟ್ಟಿ ಹಾಕಿದ್ದಾರೆ. ಅದರ ಮೇಲೆ ಕ್ರಷರ್‌ನಿಂದ ತಂದು ಜರಡಿ ಹಿಡಿದ ಸಣ್ಣ ಕಲ್ಲು. ಮೀಟರ್‌ಗೇಜಿನ ಮರದ ಸ್ಲೀಪರ್ ಆರಡಿ ಉದ್ದವಿರುತ್ತಿತ್ತು. ಇಲ್ಲಿ ಅದು ಎಂಟು ಸೆಂಟಿಮೀಟರ್. ಗೆದ್ದಲು ಹಿಡಿಯದಿರಲೆಂದು ಟ್ರ್ಯಾಕ್ಟರಿನ ಹಳೇ ಆಯಿಲ್‌ನಲ್ಲಿ ನೆನೆಸಿ ಒಣಗಿಸಿದ ಒಂಬೈನೂರು ಚಿಲ್ಲರೆ ತುಂಡುಗಳು! ಹಳಿಗೆ ಅಲ್ಯೂಮಿನಿಯಂ ಪಟ್ಟಿ.

ಈ ಹಳಿಯ ವಿಷಯದಲ್ಲಿ ನನ್ನ ಮರ್ಯಾದೆ ಒಮ್ಮೆ ಹೋಗಿದೆ. ಇಂಜಿನಿಯರಿಂಗ್ ಓದಿದವನೆಂಬ ಗತ್ತಿನಲ್ಲಿ ನಾನು, "ತುಂಡು ತುಂಡು ಯಾಕೆ ಚಿಕ್ಕಪ್ಪಾ, ಉದ್ದ ಪಟ್ಟಿಯನ್ನೇ ಒಂದಕ್ಕೊಂದು ಒತ್ತಿ ಕೂರಿಸಿ" ಎಂದಿದ್ದೆ. ಅವರು ಏನೂ ಹೇಳದೆ ಒಂದು ಬದಿಗೆ ಹಾಗೇ ಕೂರಿಸಿದರು. ಏಪ್ರಿಲ್ ಬಿಸಿಲಿಗೆ ಆ ಬದಿ ಹಾವಿನಂತೆ ಡೊಂಕಾಯಿತು. ಹತ್ತು ಮೀಟರ್ ಅಲ್ಯೂಮಿನಿಯಂ 30 ಡಿಗ್ರಿ ಬಿಸಿಯೇರಿದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ನಾನು ಪರೀಕ್ಷೆಯಲ್ಲಿ ಬರೆದು ಮರೆತದ್ದು ಇದು. "ಬೇಸಿಗೇಲಿ ಹಳಿ ಉಸಿರಾಡ್ಬೇಕು ಕಣಪ್ಪಾ" ಎಂದು ಅವರು ಎಲ್ಲವನ್ನೂ ಬಿಚ್ಚಿ, ಅರ್ಧ ಮೀಟರಿಗೊಂದರಂತೆ ಕತ್ತರಿಸಿ, ತುಂಡುಗಳ ನಡುವೆ ಒಂದು ಲಗ್ನಪತ್ರಿಕೆಯ ದಪ್ಪದಷ್ಟು ಸಂದು ಬಿಟ್ಟರು. ಅಳತೆಗೆ ಬಳಸಿದ್ದು ನನ್ನದೇ ಲಗ್ನಪತ್ರಿಕೆ. ಆ ಸಂದುಗಳಿಂದ ಇನ್ನೊಂದು ಲಾಭವೂ ಆಯಿತು. ಗಾಡಿ ಹೋಗುವಾಗ ಹಳೆಯ ರೈಲಿನ ಹಾಗೆ ಟಕ್‌ಟಕ್, ಟಕ್‌ಟಕ್ ಎನ್ನುತ್ತದೆ.

ಇಂಜಿನ್ನಿನ ಕೆಳಭಾಗ ಮಾತ್ರ ಕೊಂಡದ್ದು. ಜರ್ಮನಿಯಲ್ಲಿ ಕೆಲಸಕ್ಕಿದ್ದ ಗೆಳೆಯರೊಬ್ಬರಿಂದ ಅವರ ಮಗ ಹಳೆಯದೊಂದನ್ನು ತರಿಸಿಕೊಟ್ಟ. ಮೇಲಿನ ಉರುಟು ಬಾಯ್ಲರ್ ಮೂರಿಂಚಿನ ಪಿವಿಸಿ ಪೈಪು, ಕ್ಯಾಬಿನ್ನು ಎಣ್ಣೆ ಡಬ್ಬದ ತಗಡು. ವೈ.ಪಿ. ಎಂಬ ಹಳೆಯ ಉಗಿ ಇಂಜಿನ್ನಿನ ರೂಪ ಬಂದಿದೆ. ಆದರೆ ನಿಜವಾದ ವೈ.ಪಿ.ಗೆ ಮೂರು ಜೊತೆ ದೊಡ್ಡ ಚಕ್ರಗಳು, ಇದಕ್ಕೆ ಎರಡೇ. ಬಂದವರಿಗೆಲ್ಲ ಚಿಕ್ಕಪ್ಪ ಮೊದಲು ಈ ತಪ್ಪನ್ನೇ ತೋರಿಸುತ್ತಾರೆ. ಹಳಿಗೆ ಕರೆಂಟು ಕೊಟ್ಟರೆ ಇಬ್ಬನಿ, ಧೂಳು ಕೂತು ಗಾಡಿ ನಿಂತು ನಿಂತು ಹೋಗುತ್ತದೆಂದು ಬ್ಯಾಟರಿಯನ್ನು ಕಲ್ಲಿದ್ದಲ ಗಾಡಿಯೊಳಗೇ ಬಚ್ಚಿಟ್ಟಿದ್ದಾರೆ. ಏರು ಎಲ್ಲೂ 50ಕ್ಕೆ ಒಂದಕ್ಕಿಂತ ಹೆಚ್ಚಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿಯುವ ದಾರಿಯದೂ ಅದೇ ಏರು. ಬೋಗಿಗಳ ಕಿಟಕಿ ಬಾಗಿಲಿನ ಅಳತೆಗಾಗಿ ಅವರು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಮೂರು ಸಲ ಹೋಗಿ ಬಂದಿದ್ದಾರೆ. 1979ರಲ್ಲಿ ಶುರುವಾದ ಆ ಜಾಗದಲ್ಲಿ ಮಹಾರಾಣಿಯವರ ಬೋಗಿಯೂ ಇದೆ, ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕುವ ಪುಟಾಣಿ ರೈಲೂ ಇದೆ. ನಾವೆಲ್ಲ ಪುಟಾಣಿ ರೈಲಿನಲ್ಲಿ ಕೂತಿದ್ದಾಗ ಚಿಕ್ಕಪ್ಪ ಟೇಪು ಹಿಡಿದು ಬೋಗಿಯ ಕೆಳಗೆ ಬಗ್ಗಿದ್ದರು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೂಡ್ಸ್ ಗಾಡಿ. ಹಾಸನದ ಕಡೆಯೆಂದ ಮೇಲೆ ಆಲೂಗಡ್ಡೆ ಇರಲೇಬೇಕಲ್ಲ? ಐದು ಸೆಂಟಿಮೀಟರಿನ ಆಲೂಗಡ್ಡೆ ಈ ಲೆಕ್ಕದಲ್ಲಿ ಎರಡು ಮಿಲಿಮೀಟರ್, ಅಂದರೆ ಒಂದು ಸಾಸಿವೆ ಕಾಳು! ಚಿಕ್ಕಮ್ಮ ಹಳೇ ಗೋಣಿಯಲ್ಲಿ ಬೆರಳುದ್ದದ ಚೀಲ ಹೊಲಿದು ಸಾಸಿವೆ ತುಂಬಿದ್ದಾರೆ. ಅರಸೀಕೆರೆಯ ತೆಂಗಿನಕಾಯಿಗೆ ಬಟಾಣಿ. ಆರು ತಿಂಗಳಿಗೊಮ್ಮೆ ಹುಳು ಬಿದ್ದು ಬಟಾಣಿ ಬದಲಿಸಬೇಕಂತೆ. ಮರಗಳ ಬದಲು ಕಾಮಕಸ್ತೂರಿ ಗಿಡ, ಗದ್ದೆಗೆ ಗರಿಕೆ. ಇವೆಲ್ಲ ಜೀವಂತವಾದ್ದರಿಂದ ವಾರಕ್ಕೊಮ್ಮೆ ಕತ್ತರಿ ಆಡಿಸದಿದ್ದರೆ ರೈಲು ಕಾಡಿನಲ್ಲಿ ಮುಳುಗುತ್ತದೆ. ಮೈಸೂರಿನಿಂದ ಹಾಸನಕ್ಕೆ ಬರುವ ರೈಲು ಹೇಮಾವತಿ ದಾಟಲೇಬೇಕು, ಹಾಗಾಗಿ ಒಂದು ಸೇತುವೆಯೂ ಇದೆ. ಹೋದ ಮಳೆಗಾಲದಲ್ಲಿ ಅದರ ಮೇಲೆ ತೆಂಗಿನಕಾಯಿ ಬಿದ್ದು ಎರಡು ಕಂಬ ಮುರಿದವು. ಇಪ್ಪತ್ತೆರಡೂವರೆ ಪಟ್ಟು ದೊಡ್ಡ ತೆಂಗಿನಕಾಯಿ ನಿಜವಾದ ಸೇತುವೆಯ ಮೇಲೆ ಬಿದ್ದರೆ ಹೇಗಿರುತ್ತದೆಂದು ಮಗ ಬಹಳ ಹೊತ್ತು ಯೋಚಿಸಿದ.

ಇನ್ನು ಸ್ಟೇಷನ್ನು. ಚಿಕ್ಕಮ್ಮನ ತಕರಾರಿಗೆ ಕಾರಣವಾದದ್ದು ಅದೇ. ಸಣ್ಣ ಹೆಂಚಿನ ಕಟ್ಟಡ, ಕೈಯೆತ್ತಿ ನಿಂತ ಸಿಗ್ನಲ್. ಅದನ್ನು ಎತ್ತಿ ಇಳಿಸುವುದು ಸೈಕಲ್ಲಿನ ಬ್ರೇಕ್ ವೈರಿನಿಂದ. ಗಂಟೆಯ ಬದಲು ಬಾರಿಸಲು ನೇತುಹಾಕಿದ ಹಳಿಯ ತುಂಡು. ಸ್ಟೇಷನ್ ಮಾಸ್ಟರ್ ಕೈಯಲ್ಲಿ ಬೆತ್ತದ ಬಳೆ. ಮುಂದಿನ ಸ್ಟೇಷನ್‌ವರೆಗೆ ದಾರಿ ಖಾಲಿಯಿದೆ ಎನ್ನುವುದಕ್ಕೆ ಗುರುತಾದ ಟೋಕನ್ನನ್ನು ಆ ಬಳೆಯ ಚೀಲದಲ್ಲಿಟ್ಟು ಓಡುವ ಗಾಡಿಯ ಡ್ರೈವರಿಗೆ ಕೊಡುತ್ತಿದ್ದರು. ಬಾವಿ ಎಲ್ಲಿತ್ತು, ಬೇವಿನ ಮರ ಯಾವ ಪಕ್ಕಕ್ಕಿತ್ತು ಎಂಬುದಕ್ಕೆ ಫೋಟೋ ಇಲ್ಲ. ಭಾನುವಾರ ಸಂಜೆ ಊರಿನ ಹಿರಿಯರು ಬಂದು ಜಗಳವಾಡುತ್ತಾರೆ. ಒಬ್ಬರು ಬೇವು ಅಂದರೆ ಇನ್ನೊಬ್ಬರು ಹೊಂಗೆ ಅನ್ನುತ್ತಾರೆ. ಗಿಡ ಆ ಪಕ್ಕದಿಂದ ಈ ಪಕ್ಕಕ್ಕೆ ನಾಲ್ಕು ಸಲ ಓಡಾಡಿದೆ. ಅಂಥ ಜಗಳವಾಡುತ್ತಿದ್ದ ಇಬ್ಬರು ಈಗಿಲ್ಲ.

ಎಲ್ಲ ಮುಗಿದು ಉಳಿದದ್ದು ಹೆಸರಿನ ಹಲಗೆ. ಹಳದಿ ಬಣ್ಣ ಬಳಿದು ನಿಲ್ಲಿಸಿ ಎಂಟು ತಿಂಗಳಾಗಿತ್ತಂತೆ, ಅಕ್ಷರವಿಲ್ಲ. ಯಾಕೆಂದು ಮಗಳು ಕೇಳಿದಳು.

"ಬಾವಿ ಒಂದು ಸ್ಟೇಷನ್ನಿಂದು, ಹೆಂಚಿನ ಮನೆ ಇನ್ನೊಂದರದು, ಮರ ಮತ್ತೊಂದರದು. ಯಾವ ಹೆಸರು ಬರೆದ್ರೂ ಸುಳ್ಳಾಯ್ತದೆ ಕಣವ್ವ."

"ಹರದನಹಳ್ಳಿ ಅಂತ ಬರೀರಿ ತಾತ."

"ಹರದನಹಳ್ಳಿಗೆ ಸ್ಟೇಷನ್ನೇ ಇಲ್ವಲ್ಲ."

"ಇಲ್ಲಿದೆಯಲ್ಲ," ಎಂದಳು ಅವಳು. ಮತ್ತೆ ಸ್ವಲ್ಪ ಹೊತ್ತಿಗೆ, "ತಾತ, ಬರೆದರೆ ಆಸ್ಪತ್ರೆಗೆ ಹೋಗಬೇಕಾಗುತ್ತೆ ಅಂತ ತಾನೆ ನೀವು ಬರೀತಿಲ್ಲ?"

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ತೆಂಗಿನ ಮರ ನೋಡಿದೆ. ಚಿಕ್ಕಪ್ಪ ತಮ್ಮ ಅಂಗೈಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿಕೊಂಡರು. "ಕಣ್ಣಿಗೆ ಕೈ ಹಾಕ್ತಾರೆ ಅಂದ್ರೆ ಹೆದರಿಕೆ ಆಯ್ತದೆ ಮಗ," ಎಂದರು. ಸರ್ವೀಸಿನಲ್ಲಿದ್ದಾಗ ಮಳೆಗಾಲದ ರಾತ್ರಿ ಲಾಟೀನು ಹಿಡಿದು ಒಬ್ಬರೇ ಸೇತುವೆ ದಾಟುತ್ತಿದ್ದವರು ಅವರು. ಹೆದರಿಕೆ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಕುಂಚವನ್ನು ಅವಳ ಕೈಗೆ ಕೊಟ್ಟರು. ಒಂದು ಗೇಣಿನಷ್ಟೂ ಇಲ್ಲದ ಹಲಗೆ. ಅವಳು ನಾಲಿಗೆ ಕಚ್ಚಿಕೊಂಡು ಕಪ್ಪು ಬಣ್ಣದಲ್ಲಿ ಬರೆದಳು. 'ಹರದನಹ' ಎನ್ನುವಷ್ಟರಲ್ಲೇ ಹಲಗೆ ಮುಗಿಯುತ್ತಾ ಬಂದಿತ್ತು. ಕೊನೆಯ ಅಕ್ಷರವನ್ನು ಮೂಲೆಗೆ ಒತ್ತಿ, ಒತ್ತಕ್ಷರವನ್ನು ಕಟ್ಟಿನ ಮೇಲೆಯೇ ಇಳಿಸಬೇಕಾಯಿತು.

"ನೆಟ್ಟಗೆ ಬಂತಾ?" ಚಿಕ್ಕಪ್ಪ ಬಗ್ಗಿ ನೋಡಿದರು. ಅವರಿಗೆ ಹಳದಿಯ ಮೇಲೆ ಒಂದು ಕಪ್ಪು ಗೀರಷ್ಟೇ ಕಂಡಿರಬೇಕು.

"ಬಂತು ತಾತ," ಎಂದಳು ಮಗಳು, ನನ್ನ ಕಡೆ ತಿರುಗದೆ.

ಮರುದಿನ ಬೆಳಗ್ಗೆ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ಆಪರೇಷನ್ನಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ನಾವು ಬೆಂಗಳೂರಿಗೆ ವಾಪಸಾದ ಹತ್ತನೇ ದಿನ ಅವರೇ ಫೋನು ಮಾಡಿ, ನನ್ನ ಹತ್ತಿರ ಮಾತಾಡದೆ ಮಗಳನ್ನು ಕರೆಯಲು ಹೇಳಿದರು.

"ಏನವ್ವ, ನಿನ್ನ 'ಳ್ಳಿ' ಹಲಗೆಯಿಂದ ಕೆಳಕ್ಕೆ ಬೀಳ್ತಾ ಕೂತದಲ್ಲ!"