ಸೇವಾ ಪುಸ್ತಕದ ಒಂದು ಸಾಲು

ಕಳೆದ ತಿಂಗಳು ನಮ್ಮ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರ ಬೀಳ್ಕೊಡುಗೆ ಪತ್ರವನ್ನು ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಅವರ ಸೇವಾ ಪುಸ್ತಕವನ್ನು ತರಿಸಿಕೊಂಡೆ. ನೇಮಕ, ವರ್ಗಾವಣೆ, ಬಡ್ತಿ, ಗಳಿಕೆ ರಜೆ. ಮೂರು ದಶಕಗಳಿಗೂ ಮೀರಿದ ಸೇವೆಯಲ್ಲಿ ಪ್ರಶಂಸೆಯ ಸಾಲು ಒಂದೇ ಒಂದು. 2005ರ ಜುಲೈ 26ರ ಮುಂಬಯಿಯ ಮಹಾಮಳೆಯಲ್ಲಿ ನೆಲಮಾಳಿಗೆಯ ಕಡತಗಳನ್ನು ಉಳಿಸಿದ್ದಕ್ಕಾಗಿ ಬಂದದ್ದು ಅದು. ಆ ರಾತ್ರಿ ಕಡತ ಹೊತ್ತವರು ಮೂವರು: ಅವರು, ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು, ಮತ್ತು ಒಬ್ಬ ಜವಾನ. ಹಿರಿಯರೆಂಬ ಕಾರಣಕ್ಕೆ ಹೆಸರು ಅವರದೊಂದೇ ದಾಖಲಾಯಿತು. ಇಷ್ಟು ವರ್ಷಗಳ ನಂತರವೂ ಆ ಸಾಲನ್ನು ಓದುವಾಗ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು.

ಆಗ ನೆನಪಾದದ್ದು ಒಂದು ವಿಮಾನದ ಸೇವಾ ಚರಿತ್ರೆ. ಹಳೆಯ ವಿಕ್ರಾಂತ್ ಹಡಗು ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿದ್ದಾಗ ಅದನ್ನು ನೋಡಿ ಬಂದವನು, ಅದರ ಮೇಲಿಂದ ಹಾರುತ್ತಿದ್ದ ಸೀ ಹಾಕ್ ಜೆಟ್ಟಿನ ಬಗ್ಗೆ ಓದತೊಡಗಿದ್ದೆ. ಹಾಗೆ ಓದುತ್ತ ಸೀ ಹಾಕ್‌ಗಿಂತ ಮೊದಲು ಬ್ರಿಟಿಷ್ ನೌಕಾಪಡೆಯಲ್ಲಿದ್ದ ಸೀ ಫ್ಯೂರಿ ಎಂಬ ಪಿಸ್ಟನ್ ಎಂಜಿನ್ನಿನ ಯುದ್ಧವಿಮಾನದ ಪರಿಚಯವಾಯಿತು. ಎರಡೂ ಹಾಕರ್ ಕಂಪನಿಯ ಸಿಡ್ನಿ ಕ್ಯಾಮ್ ಅವರ ನೇತೃತ್ವದಲ್ಲಿ ರೂಪುಗೊಂಡವು.

ಸೀ ಫ್ಯೂರಿ ತಡವಾಗಿ ಹುಟ್ಟಿದ ಕೂಸು. ನೌಕಾಪಡೆಗಾಗಿ ಸಿದ್ಧವಾದ ಮೊದಲ ಮಾದರಿ ಹಾರಿದ್ದು 1945ರ ಫೆಬ್ರವರಿಯಲ್ಲಿ. ಅದೇ ವರ್ಷ ಮಹಾಯುದ್ಧ ಮುಗಿಯಿತು. ಜೆಟ್ ಯುಗ ಬಾಗಿಲಲ್ಲಿ ನಿಂತಿತ್ತು. ವಾಯುಪಡೆ ಈ ವಿಮಾನವನ್ನು ಕೈಬಿಟ್ಟಿತು. ಆದರೆ ಹಡಗಿನ ಕಿರಿದಾದ ಅಟ್ಟದ ಮೇಲೆ ಜೆಟ್ಟುಗಳನ್ನು ಇಳಿಸುವ ವಿದ್ಯೆ ಇನ್ನೂ ಪಳಗಿರಲಿಲ್ಲವಾದ್ದರಿಂದ ನೌಕಾಪಡೆ ಇದನ್ನು ಉಳಿಸಿಕೊಂಡಿತು. 1947ರಲ್ಲಿ ಸೇವೆಗೆ ಸೇರಿತು: ಹದಿನೆಂಟು ಸಿಲಿಂಡರುಗಳ ಸೆಂಟಾರಸ್ ಎಂಜಿನ್, ಐದು ಅಲಗುಗಳ ಪ್ರೊಪೆಲರ್, 20 ಮಿ.ಮೀ.ನ ನಾಲ್ಕು ಫಿರಂಗಿಗಳು, ಮಡಚಬಲ್ಲ ರೆಕ್ಕೆಗಳು.

1950ರಲ್ಲಿ ಕೊರಿಯಾ ಯುದ್ಧ ಬಂತು. ಥೀಸಿಯಸ್, ಗ್ಲೋರಿ, ಓಷನ್ ಹಡಗುಗಳಿಂದಲೂ, ವಿಕ್ರಾಂತದ ವರ್ಗಕ್ಕೇ ಸೇರಿದ ಆಸ್ಟ್ರೇಲಿಯಾದ ಸಿಡ್ನಿ ಹಡಗಿನಿಂದಲೂ ಸೀ ಫ್ಯೂರಿಗಳು ಹಾರಿದವು. ಅವುಗಳ ನಿತ್ಯದ ಕಾಯಕ ಆಕಾಶದ ದ್ವಂದ್ವಯುದ್ಧವಲ್ಲ. ಸೇತುವೆ, ರೈಲುಮಾರ್ಗ, ಲಾರಿಗಳ ಮೇಲಿನ ದಾಳಿ. ತಗ್ಗಿನಲ್ಲಿ ಹಾರುವ ವಿಮಾನಕ್ಕೆ ನೆಲದ ತೋಪುಗಳೇ ಮೃತ್ಯು. ಇಂದು ಮುರಿದ ಸೇತುವೆಯನ್ನು ಶತ್ರು ಕಟ್ಟಿಕೊಂಡರೆ ಮತ್ತೆ ಹೋಗಿ ಮುರಿಯಬೇಕು. ಎಷ್ಟೋ ಮಂದಿ ಮರಳಲಿಲ್ಲ.

ಆದರೆ ಈ ವಿಮಾನದ ಹೆಸರೆತ್ತಿದರೆ ಎಲ್ಲರೂ ಹೇಳುವುದು ಒಂದೇ ದಿನದ ಕಥೆಯನ್ನು. 1952ರ ಆಗಸ್ಟ್ 9ರಂದು ಓಷನ್ ಹಡಗಿನಿಂದ ಹೊರಟ 802ನೇ ಸ್ಕ್ವಾಡ್ರನ್ನಿನ ನಾಲ್ಕು ಸೀ ಫ್ಯೂರಿಗಳ ಮೇಲೆ ಮಿಗ್-15 ಜೆಟ್ಟುಗಳು ಎರಗಿದವು. ವೇಗದಲ್ಲಿ ಮಿಗ್ ಎಷ್ಟೋ ಮುಂದೆ. ಆದರೆ ಕಿರಿದಾದ ಸುತ್ತಿನಲ್ಲಿ ತಿರುಗಬಲ್ಲದ್ದು ಸೀ ಫ್ಯೂರಿ. ಆ ಕಾದಾಟದಲ್ಲಿ ಒಂದು ಮಿಗ್ ನೆಲಕ್ಕುರುಳಿತು. ಕೀರ್ತಿ ದಾಖಲಾದದ್ದು ತಂಡದ ನಾಯಕ ಪೀಟರ್ ಕಾರ್ಮೈಕಲ್ ಹೆಸರಿನಲ್ಲಿ. ಅದು ಕಿರಿಯ ಪೈಲಟ್ ಬ್ರಿಯಾನ್ ಎಲ್ಲಿಸ್‌ಗೆ ಸಲ್ಲಬೇಕೆಂಬ ವಾದ ಅನಂತರ ಎದ್ದಿತು.

ಮೊದಲ ಬಾರಿ ಇದನ್ನು ಓದಿದಾಗ ನಾನು ಹಿಂದುಮುಂದು ನೋಡದೆ ಎಲ್ಲಿಸ್‌ನ ಪಕ್ಷ ವಹಿಸಿದ್ದೆ. ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಸೇವಾ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತಾಗ ಬೇರೆಯೇ ಪ್ರಶ್ನೆ ಎದುರಾಯಿತು. ಅಟ್ಟದ ಮೇಲೆ ಗಾಳಿಯಲ್ಲಿ ನಿಂತು ಆ ನಾಲ್ಕು ಎಂಜಿನ್ನುಗಳನ್ನು ಸಜ್ಜುಗೊಳಿಸಿದವರು ಯಾರು? ನಾಯಕನೋ ಕಿರಿಯನೋ ಎಂಬ ವಾದದಲ್ಲಿ ಅವರಿಗೆ ಜಾಗವೇ ಇಲ್ಲ. ಹಾಗೆಯೇ, ನನ್ನ ಹೆಸರು ಬರಲಿಲ್ಲವೆಂದು ಇಷ್ಟು ಕಾಲ ಕೊರಗಿದ ನನಗೆ ಆ ಜವಾನನ ಪೂರ್ಣ ಹೆಸರೂ ಗೊತ್ತಿರಲಿಲ್ಲ.

1953ರಿಂದ ಸೀ ಹಾಕ್ ಬಂದಂತೆ ಸೀ ಫ್ಯೂರಿ ಮುಂಚೂಣಿಯಿಂದ ಸರಿಯಿತು. 1961ರಲ್ಲಿ ಕ್ಯೂಬಾದ ಸೀ ಫ್ಯೂರಿಗಳು ಬೇ ಆಫ್ ಪಿಗ್ಸ್‌ನಲ್ಲಿ ಕಾದಾಡಿದವು. ಇನ್ನು ಕೆಲವು ಅಮೆರಿಕದ ರೀನೋ ವಿಮಾನಸ್ಪರ್ಧೆಗಳಲ್ಲಿ ದಶಕಗಳ ಕಾಲ ಓಡಿದವು. ನಿವೃತ್ತಿಯ ನಂತರವೂ ದುಡಿಮೆ ತಪ್ಪಲಿಲ್ಲ.

ಹಳೆಯ ಹಾಜರಿ ಪುಸ್ತಕವನ್ನು ಹುಡುಕಿಸಿ, ಜವಾನನ ಹೆಸರನ್ನು ತಂದೆಯ ಹೆಸರಿನೊಡನೆ ಬೀಳ್ಕೊಡುಗೆ ಪತ್ರದಲ್ಲಿ ಬರೆದೆ. ಸಮಾರಂಭದಲ್ಲಿ ಪತ್ರವನ್ನು ಕೈಗಿತ್ತಾಗ ಹಿರಿಯರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. ಬಳಿಕ ಮೆಲ್ಲಗೆ ಕೇಳಿದರು: “ನಿಮ್ಮ ಹೆಸರು ಯಾಕೆ ಬಿಟ್ಟಿರಿ?”