ಟೀವಿಗೆ ಎಷ್ಟು ಅಂಕ?

ಉತ್ತರಪತ್ರಿಕೆ ತಿದ್ದುವವರಿಗೆ ಕ್ರಮೇಣ ಒಂದು ಚಾಳಿ ಅಂಟಿಕೊಳ್ಳುತ್ತದೆ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅಂಕ ಹಾಕುವ ಚಾಳಿ. ಇಪ್ಪತ್ತೆಂಟು ವರ್ಷಗಳಿಂದ ಕೆಂಪು ಪೆನ್ನು ಹಿಡಿದಿರುವ ನಾನು ಮದುವೆಮನೆಯ ಸಾರಿಗೂ, ಎದುರುಮನೆಯ ರಂಗೋಲಿಗೂ ಮನಸ್ಸಿನಲ್ಲೇ ಅಂಕ ಹಾಕಿಬಿಡುತ್ತೇನೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಆದರೆ 2025ರ ದೀಪಾವಳಿಗೆ ಮುಂಚೆ ಒಂದು ಟೀವಿಗೆ ನೂರಕ್ಕೆ ಎಷ್ಟು ಎಂದು ಎಲ್ಲರೆದುರು ಹೇಳಲೇಬೇಕಾದ ಪ್ರಸಂಗ ಬಂತು.

ಟೀವಿ ಬೇಕಾಗಿದ್ದದ್ದು ನಮ್ಮ ಬಳ್ಳಾರಿ ಮನೆಗಲ್ಲ, ಸಿರುಗುಪ್ಪದಲ್ಲಿರುವ ನಮ್ಮವ್ವನಿಗೆ. ಅವ್ವನಿಗೆ ಎಂಬತ್ತೊಂದು. ಎರಡೂ ಕಣ್ಣಿನ ಪೊರೆ ತೆಗೆಸಿ ವರ್ಷಗಳಾಗಿದ್ದವು. ಆಮೇಲೆ ಈಚೆಗೆ ಅವಳು ಓಣಿಯ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟಳು. ಯಾಕೆಂದು ಕೇಳಿದರೆ ಮಂಡಿನೋವು ಎನ್ನುತ್ತಿದ್ದಳು. ನಿಜ ಗೊತ್ತಾದದ್ದು ಒಂದು ದಿನ ನಾನು ಸದ್ದಿಲ್ಲದೆ ಒಳಗೆ ಹೋಗಿ ಎದುರು ನಿಂತಾಗ. “ಯಾರವ್ವಾ, ಬಾ ಕೂಡು,” ಅಂದಳು, ಪರಸ್ಥಳದವರನ್ನು ಕರೆಯುವ ಧ್ವನಿಯಲ್ಲಿ. ಬಳ್ಳಾರಿಯ ಕಣ್ಣಿನ ಡಾಕ್ಟರರು ನೋಡಿ, ಕಣ್ಣಿನ ಹಿಂಪರದೆಯ ನಟ್ಟನಡುವಿನ ಜಾಗ ವಯಸ್ಸಿನಿಂದ ಸವೆದಿದೆ, ಇದು ಒಣ ತರದ್ದು, ಇದಕ್ಕೆ ಆಪರೇಷನ್ ಇಲ್ಲ ಎಂದರು. ಸುತ್ತಲಿನದು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಅವ್ವನ ಮಾತಿನಲ್ಲಿ ಹೇಳುವುದಾದರೆ, “ಸೀರಿ ಅಂಚು ಕಾಣತೈತಿ, ಮಕ ಇದ್ದ ಜಾಗದಾಗ ಬೂದಿ ಬಳದಂಗೈತಿ.” ಓಣಿಯವರ ಮುಖ ಗುರುತು ಸಿಗದೆ ಮುಜುಗರವಾಗಿ ಮಂಡಿಯ ಮೇಲೆ ತಪ್ಪು ಹೊರಿಸಿದ್ದಳು.

ದೊಡ್ಡ ಟೀವಿ ಇಟ್ಟು ಹತ್ತಿರ ಕೂಡಿಸಿ, ಮುಖಗಳು ಒಂದಿಷ್ಟು ಸಿಕ್ಕಾವು ಎಂದವರೂ ಆ ಡಾಕ್ಟರರೇ. ಬೆಂಗಳೂರಿನಿಂದ ನನ್ನ ಮಗ ಐವತ್ತೈದು ಇಂಚಿನ 4ಕೆ ತಗೊಳ್ಳಿ, ಅರ್ಧ ಹಣ ನನ್ನದು ಎಂದ. ಅಣ್ಣ ಮಾತ್ರ ಒಪ್ಪಲಿಲ್ಲ. “ಕಣ್ಣು ಕಾಣದಾಕಿಗೆ ನಲವತ್ತು ಸಾವಿರದ ಟೀವಿ ಯಾಕ? ರೇಡಿಯೋ ಸಾಕು,” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆ ವರ್ಷ ಭತ್ತದ ರೇಟು ಅವನ ಕೈಕಟ್ಟಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟೀವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆಯಲ್ಲ ಎಂದೆ. “ಇಳಿದದ್ದು ತೆರಿಗಿ, ಕಣ್ಣು ಏರಿಲ್ಲಲ್ಲ,” ಎಂದ. ಅವ್ವ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಕೊನೆಗೆ ಒಂದು ಕರಾರಾಯಿತು. ನಾನು ನೋಡಿ, ಪರೀಕ್ಷೆ ಮಾಡಿ, ಅವ್ವನಿಗೆ ಉಪಯೋಗ ಇದೆ ಎಂದು ಖಾತ್ರಿಯಾದರೆ ಮಾತ್ರ ತರುವುದು.

ಅವ್ವನಿಗೂ ಟೀವಿಗೂ ಹಳೆಯದೊಂದು ಲೆಕ್ಕ ಬಾಕಿ ಇದೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ನಮ್ಮ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ತೋರಿಸಿದರು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಿಗೆ. ತುಂಗಭದ್ರೆಯ ಆಚೆ ದಂಡೆಗೆ ಬಂತು, ಈಚೆ ದಂಡೆಯ ನಮಗೆ ಇಲ್ಲ! ಹೊಳೆಯಾಚೆಯ ನೆಂಟರ ಊರಿಗೆ ಹೋಗಿದ್ದಾಗ ಅವ್ವ ನೋಡಲು ಹೋದಳಂತೆ. ಗಂಡಸರು ಮುಂದೆ, ಮಕ್ಕಳು ಅವರ ಮುಂದೆ, ಹೆಂಗಸರು ಹಿಂದೆ. “ಟೀವಿ ಏನು ನೋಡಿದೆ ಅಂದ್ರ ತಲಿ ನೋಡಿದೆ,” ಎನ್ನುತ್ತಾಳೆ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ನಮ್ಮ ಓಣಿಯ ಅಕ್ಕಿ ಗಿರಣಿ ಮಾಲೀಕರ ಮನೆಯಲ್ಲೂ ಅವಳದು ಬಾಗಿಲ ಹತ್ತಿರದ ಜಾಗವೇ. ಸಾರಿಗೆ ಒಗ್ಗರಣೆ ಹಾಕಿ ಓಡಿ ಬರುವವಳಿಗೆ ಮುಂದಿನ ಸಾಲು ಎಲ್ಲಿಂದ ಸಿಗಬೇಕು?

ಟೀವಿಯನ್ನು ಪರೀಕ್ಷಿಸುವ ವಿಧಾನ ನಾನು ಕಲಿತದ್ದು ಕುರುಗೋಡಿನಲ್ಲಿ. ನಾನು ಪಾಠ ಮಾಡುವುದು ಅಲ್ಲಿಯ ಒಂದು ಶಾಲೆಯಲ್ಲಿ, ಬಳ್ಳಾರಿಯಿಂದ ದಿನಾ ಬಸ್ಸು. ಹಳೆಯ ವಿದ್ಯಾರ್ಥಿಗಳು ತರಗತಿಗೊಂದು ದೊಡ್ಡ ಟೀವಿ ಕೊಟ್ಟಾಗ ಎಲ್ಲರೂ ಮುಂದೆ ನಿಂತು ಆಹಾ ಎಂದರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅಲ್ಲಿಂದ ಸಣ್ಣಕ್ಷರ ಇರುವೆ ಸಾಲಿನಂತೆ ಕಂಡಿತು. ಅಕ್ಷರ ದೊಡ್ಡದು ಮಾಡುತ್ತ, ಕೊನೆಯ ಬೆಂಚಿನ ಮಕ್ಕಳಿಂದ ಒಬ್ಬೊಬ್ಬರಾಗಿ ಓದಿಸಿದೆ. ಆಗ ಒಬ್ಬ ಹುಡುಗಿ ಎಷ್ಟು ದೊಡ್ಡದು ಮಾಡಿದರೂ ಓದಲಿಲ್ಲ. ದಡ್ಡಿ ಎಂದು ಹೆಸರಾದವಳು. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಬಂದ ಮೇಲೆ ಗೊತ್ತಾಯಿತು, ಎರಡು ವರ್ಷ ಪಕ್ಕದವಳ ನೋಟ್‌ಬುಕ್ ನೋಡಿಯೇ ಕಾಲ ಹಾಕಿದ್ದಳು. ಟೀವಿ ಹೇಗಿದೆ ಎಂದು ಕೇಳುವುದಾದರೆ ಯಾರ ಕಣ್ಣಿಗೆ, ಎಷ್ಟು ದೂರದಿಂದ ಎಂದು ಮೊದಲು ಕೇಳಬೇಕು, ಅಲ್ಲವೇ?

ಬಳ್ಳಾರಿಯ ಅಂಗಡಿಯಲ್ಲಿ ಸಾಲಾಗಿ ಟೀವಿಗಳು ಉರಿಯುತ್ತಿದ್ದವು. ಉರಿಯುತ್ತಿದ್ದವು ಎಂದೇ ಹೇಳಬೇಕು. ಎಲ್ಲದರಲ್ಲೂ ಅದೇ ಗಿಳಿ, ಅದೇ ಜಲಪಾತ, ಅದೇ ಸೀಳಿದ ದಾಳಿಂಬೆ. ಹುಡುಗ ಗಡಗಡನೆ ಹೇಳಿದ: “ಮೇಡಂ, ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಒಟ್ಟು 83 ಲಕ್ಷ.” ಸರಿಯಪ್ಪ, ಗಿಳಿ ಸಾಕು, ಕನ್ನಡದ ವಾರ್ತೆ ಹಾಕು ಎಂದೆ. ಅವನ ಮುಖ ಸಣ್ಣದಾಯಿತು. ಹಾಕಿದ. ವಾರ್ತೆ ಓದುವವಳ ಕೆನ್ನೆ ನೆನೆದ ಅಪ್ಪಳದಂತೆ ಕಂಡಿತು.

ಕಾರಣ ಸರಳ. ನಾವು ದಿನಾ ನೋಡುವ ಸಾಮಾನ್ಯ ಚಾನೆಲ್ಲಿನ ಚಿತ್ರದಲ್ಲಿರುವುದು ಹೆಚ್ಚೆಂದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. 83 ಲಕ್ಷ ಮನೆ ತುಂಬಬೇಕಾದರೆ ಮಿಕ್ಕದ್ದನ್ನು ಟೀವಿಯೇ ಊಹೆ ಮಾಡಿ ತುಂಬಬೇಕು. ಒಂದು ಸೇರು ಮಜ್ಜಿಗೆಗೆ ಹತ್ತೊಂಬತ್ತು ಸೇರು ನೀರು! ನೀರು ಬೆರೆಸುವುದರಲ್ಲಿ ಕೆಲವು ಟೀವಿ ಜಾಣ, ಕೆಲವು ದಡ್ಡ. ಅದನ್ನು ನೋಡಲು ಗಿಳಿಯಿಂದ ಪ್ರಯೋಜನವಿಲ್ಲ, ವಾರ್ತೆಯೇ ಬೇಕು. ಮೂರು ಟೀವಿಯಲ್ಲಿ ಒಂದೇ ವಾರ್ತೆ ಹಾಕಿಸಿದೆ. ಕಡಿಮೆ ಬೆಲೆಯದೇ ಎರಡನೆಯದಕ್ಕಿಂತ ಚೆನ್ನಾಗಿತ್ತು.

ಇದಕ್ಕೆ ಎಲ್‌ಇಡಿ ಟೀವಿ ಎನ್ನುತ್ತಾರಲ್ಲ, ನಿಜಕ್ಕೂ ಎಲ್‌ಇಡಿ ಹಿಂದಿನ ದೀಪ ಮಾತ್ರ. ಮುಂದೆ ಬೆಳಕನ್ನು ಬಿಡುವ, ತಡೆಯುವ ಸಣ್ಣ ಸಣ್ಣ ಕಿಟಕಿಗಳು, ಅವಕ್ಕೆ ಬಣ್ಣದ ಗಾಜು. ನಮ್ಮ ಬಳ್ಳಾರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ನೋಡಿದವರಿಗೆ ಗೊತ್ತು, ಹಿಂದೆ ದೀಪ, ನಡುವೆ ಬಣ್ಣದ ತೊಗಲು, ಮುಂದೆ ಬಿಳಿಪರದೆ. ದೀಪ ಹಿಂದೆ ಉರಿಯುತ್ತಲೇ ಇರುವುದರಿಂದ ಈ ಟೀವಿಗಳಲ್ಲಿ ಅಮಾವಾಸ್ಯೆ ರಾತ್ರಿಯೂ ಸ್ವಲ್ಪ ಬೂದಿಬಣ್ಣವೇ. ಚುಕ್ಕಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುವ ಒಎಲ್‌ಇಡಿಯಲ್ಲಿ ಕಪ್ಪು ನಿಜವಾದ ಕಪ್ಪು. ಬೆಲೆ ಕೇಳಿ ಸುಮ್ಮನಾದೆ.

ಮುಂದಿನದು ದೂರದ ಲೆಕ್ಕ. ಹತ್ತಡಿ ದೂರದಲ್ಲಿ ಕೂತರೆ ಐವತ್ತೈದು ಇಂಚಿನಲ್ಲಿ 4ಕೆಗೂ ಬರೀ ಎಚ್‌ಡಿಗೂ ವ್ಯತ್ಯಾಸ ಒಳ್ಳೆಯ ಕಣ್ಣಿಗೂ ತಿಳಿಯದು. ಅಷ್ಟು ಚುಕ್ಕಿಗಳ ಪೂರಾ ಲಾಭ ಬೇಕಾದರೆ ಮೂರು-ನಾಲ್ಕು ಅಡಿಯಲ್ಲಿ ಕೂಡಬೇಕು. ಊರಿನವರಿಗೆಲ್ಲ ದಂಡವಾದ ಗುಣ ನಮ್ಮವ್ವನಿಗೇ ಬೇಕಾದದ್ದು. ಮನೆಯ ಮೂವತ್ತೆರಡು ಇಂಚಿನ ಟೀವಿಗಿಂತ ಮುಖ ಒಂದೂ ಮುಕ್ಕಾಲು ಪಟ್ಟು ದೊಡ್ಡದು. ಕುರ್ಚಿ ಎಂಟಡಿಯಿಂದ ನಾಲ್ಕಡಿಗೆ ಸರಿದರೆ ಅದರ ಎರಡರಷ್ಟು. ಹತ್ತಿರ ಕೂತರೆ ಕಣ್ಣು ಹೋಗುತ್ತದೆ ಎಂದು ಚಿಕ್ಕಂದಿನಲ್ಲಿ ನಮಗೆ ಬೈದವಳು ಅವಳೇ. ಹಾಗೇನೂ ಹೋಗುವುದಿಲ್ಲ ಎಂದು ಡಾಕ್ಟರರಿಂದಲೇ ಹೇಳಿಸಬೇಕಾಯಿತು.

ಟೀವಿ ಬಂತು. ಅಂಗಡಿಯ ಕಣ್ಣು ಕುಕ್ಕುವ ಬಣ್ಣವನ್ನು ತೆಗೆದು ಸಿನಿಮಾ ಎಂಬ ಬಗೆಗೆ ಇಟ್ಟೆ. ಚಲನೆಯನ್ನು ನಯ ಮಾಡುವ ಸೌಲಭ್ಯವನ್ನೂ ಬಂದ್ ಮಾಡಿದೆ. ಅದಿದ್ದರೆ ಹಳೆಯ ಸಿನಿಮಾ ಕೂಡ ಧಾರಾವಾಹಿಯಂತೆ ಕಾಣುತ್ತದೆ. ಕ್ರಿಕೆಟ್ಟಿಗೆ ಬೇಕೆಂದು ಅಣ್ಣ ತಕರಾರು ಮಾಡಿದ. ರೇಡಿಯೋ ಸಾಕು ಎಂದವನು! ಮರುದಿನ ಬೆಳಿಗ್ಗೆ ಅವ್ವ ಟೀವಿಯ ಮುಂದೆ ಕೂತವಳೇ “ಯಾರೋ ಬಂದ್ರು ನೋಡು” ಎಂದಳು. ಟೀವಿಯಲ್ಲಿ ಯಾರೂ ಬಂದಿರಲಿಲ್ಲ. ತೆರೆದ ತಲೆಬಾಗಿಲಿನಾಚೆ ಓಣಿಯಲ್ಲಿ ಹೋಗುತ್ತಿದ್ದ ಹಾಲಿನವನು ಪರದೆಯಲ್ಲಿ ಕಂಡಿದ್ದ. ನಮ್ಮ ಸೀಮೆಯ ಬಿಸಿಲಿಗೆ ನುಣುಪು ಪರದೆ ಎಂದರೆ ಕನ್ನಡಿಯೇ. ಟೀವಿಯನ್ನು ಪಕ್ಕದ ಗೋಡೆಗೆ ಬದಲಿಸಿದೆವು. ಧ್ವನಿಯದು ಇನ್ನೊಂದು ಗೋಳು. ಟೀವಿ ತೆಳ್ಳಗಾದಂತೆ ಅದರ ಗಂಟಲೂ ತೆಳ್ಳಗಾಗಿದೆ. ಸ್ಪೀಕರು ಕೆಳಮುಖವಾಗಿ ನೆಲಕ್ಕೆ ಮಾತಾಡುತ್ತದೆ. ಕಣ್ಣು ಮಂದವಾದವರಿಗೆ ಕಿವಿಯೇ ಆಧಾರವಲ್ಲವೇ? ನನ್ನ ಮಗನಿಗೆ ಹೇಳಿ ಬೇರೆ ಸ್ಪೀಕರು ತರಿಸಿದೆ. ರಿಮೋಟಿನ ಗುಂಡಿಗಳು ಸಾಸಿವೆ ಕಾಳಿನಷ್ಟು, ಎಲ್ಲ ಒಂದೇ ಕಪ್ಪು. ಅತ್ತಿಗೆ ತನ್ನ ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಸದ್ದು ಹೆಚ್ಚಿಸುವ ಗುಂಡಿಗೆ ಅಂಟಿಸಿದಳು. ಬೆರಳಿಗೆ ತಟ್ಟಿದರೆ ಗೊತ್ತಾಗುತ್ತದೆ. ಯಾವ ಇಂಜಿನಿಯರಿಗೂ ಹೊಳೆಯದ್ದು.

ಒಂದು ಸಂಗತಿ ಮಾತ್ರ ಯಾರ ಜಾಹೀರಾತಿನಲ್ಲೂ ನಾನು ಕಾಣಲಿಲ್ಲ. ನಮ್ಮ ಮನೆಯಲ್ಲಿ ನಿಜವಾದ 4ಕೆ ಚಿತ್ರ ಇದ್ದದ್ದು ಯಾವ ಚಾನೆಲ್ಲಿನಲ್ಲೂ ಅಲ್ಲ, ನನ್ನ ಮೊಬೈಲಿನಲ್ಲಿ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದಾಗ ಹಿಡಿದ ವಿಡಿಯೋ. ಪೆನ್‌ಡ್ರೈವಿಗೆ ಹಾಕಿ ಟೀವಿಗೆ ಚುಚ್ಚಿದೆ. ತೇರಿನ ಹಗ್ಗದ ಎಳೆ ಎಳೆ ಕಂಡಿತು. ಅವ್ವ ಕುರ್ಚಿಯನ್ನು ಇನ್ನೂ ಮುಂದೆ ಎಳೆದುಕೊಂಡಳು. ಕೋಳಿ ನೋಡುವಂತೆ ತಲೆಯನ್ನು ಒಂದು ಕಡೆ ವಾಲಿಸಿ, ನಡುವಿನ ಬೂದಿಯನ್ನು ಪಕ್ಕಕ್ಕೆ ಸರಿಸಿ ನೋಡಿದಳು. ಮೊಮ್ಮಗಳ ಮುಖ ಪರದೆ ತುಂಬ ಬಂದಾಗ “ನಿಲ್ಲಿಸು” ಎಂದಳು. ನಿಲ್ಲಿಸಿದೆ. ಬಹಳ ಹೊತ್ತು ನೋಡಿದಳು. “ಮೂಗು ನಿಮ್ಮಪ್ಪಂದು ಐತಲ್ಲ, ಯಾರೂ ಹೇಳಲೇ ಇಲ್ಲ ನನಗ,” ಎಂದಳು. ಮಗುವಿಗೆ ಆಗ ಎರಡು ವರ್ಷ. ಅಲ್ಲಿಯವರೆಗೂ ಅವ್ವ ಅದನ್ನು ಎತ್ತಿ ಆಡಿಸಿದ್ದಳು, ಮುಖ ಕಂಡಿರಲಿಲ್ಲ.

ಅಣ್ಣ ಎದ್ದು ಹೊರಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು ಎಷ್ಟು ಅಂಕ ಎಂದು ಕೇಳಿದ. ಎಪ್ಪತ್ತೊಂದು ಎಂದೆ. ಧ್ವನಿಗೆ ಹತ್ತು, ಕನ್ನಡಿಯಾದದ್ದಕ್ಕೆ ಎಂಟು, ಮಜ್ಜಿಗೆಗೆ ಎಂಟು, ರಿಮೋಟಿಗೆ ಮೂರು ಕಳೆದಿದ್ದೇನೆ. ಅವನ ಪಾಲಿನ ಹಣವನ್ನು ಎರಡು ಕಂತಿನಲ್ಲಿ ಕೊಟ್ಟ.

ಧಾರಾವಾಹಿ ಅವ್ವನಿಗೆ ಈಗಲೂ ಅಷ್ಟಕ್ಕಷ್ಟೆ. ಅವು ಕಾಣುವುದಕ್ಕಿಂತ ಕೇಳುವುದೇ ವಾಸಿ ಎನ್ನುತ್ತಾಳೆ, ಅದೂ ಸರಿಯೇ. ಓಣಿಯ ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಮೊಬೈಲಿನಲ್ಲಿ ಹಿಡಿಸಿಕೊಂಡು, ಯಾರಿಗೆ ಎಷ್ಟು ವಯಸ್ಸಾಗಿದೆ ಎಂದು ನೋಡಿ ಮುಗಿಸಿದ್ದಾಳೆ. ಈಗ ಗದ್ದೆ ಬೇಕಂತೆ. ಕಟಾವಿನ ಯಂತ್ರ ಇಳಿಯುವ ಮೊದಲೇ ಹೋಗಬೇಕು, ಬೆಳಗಿನ ಬಿಸಿಲಿನಲ್ಲೇ ಹಿಡಿಯಬೇಕು, ಕಾಲುವೆ ಕಡೆಯಿಂದ ಶುರು ಮಾಡಬೇಕು ಎಂದು ಫೋನಿನಲ್ಲಿ ಹೇಳಿದ್ದಾಳೆ. ಈ ಭಾನುವಾರ ಮೊದಲ ಬಸ್ಸಿಗೆ ಹೋಗಬೇಕು.